ಗೌಜಲನ್ನು ಕರೆದ ಪೆಟ್ಟಿಗೆ

ಆ ಪೆಟ್ಟಿಗೆಯನ್ನು ಮಾಡಿಸಿದವರೂ, ಅದರ ಮುಂದೆ ಗುಂಡು ಹಾರಿಸಿದವರೂ ನಾನಲ್ಲ, ಬೇರೆಯವರು. ನಾನು ಮಾಡಿಕೊಟ್ಟೆ, ಅಷ್ಟೆ. ನಲವತ್ತು ವರ್ಷ ಈ ಮಾತಿನ ಹಿಂದೆ ಕೂತಿದ್ದೆ. ಈಗ ಎಪ್ಪತ್ತು ದಾಟಿದೆ, ಮಾತು ಸವೆದು ತೂತಾಗಿದೆ. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಆಗ ನಾನು ಪೀಣ್ಯದ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಟೂರಿಂಗ್ ಟಾಕೀಸಿಗೆ, ಚುನಾವಣೆಗೆ, ಮದುವೆ ಮನೆಗಳಿಗೆ ಬೇಕಾದ ಮೈಕ್ ಸೆಟ್ಟುಗಳನ್ನು ಅಲ್ಲಿ ಜೋಡಿಸುತ್ತಿದ್ದೆವು. ನನ್ನದು ಕೊನೆಯ ಬೆಂಚು. ಬೇರೆಯವರು ಜೋಡಿಸಿದ್ದನ್ನು ಹಾಕಿ ಕೇಳಿ, ಗುಂಯ್ ಅಂದರೆ ಯಾಕೆ ಅನ್ನುತ್ತಿದೆ ಎಂದು ಹುಡುಕಿ ಸರಿಮಾಡುವುದು. ಎಸ್ಸೆಸ್ಸೆಲ್ಸಿ ಓದಿದವನಿಗೆ ಇದು ಕೈಯಿಂದ ಬಂದ ವಿದ್ಯೆ, ಪುಸ್ತಕದಿಂದ ಬಂದದ್ದಲ್ಲ. ಕಿವಿ ಚೆನ್ನಾಗಿತ್ತು, ಅದರ ಮೇಲೆ ಜಂಬವೂ ಇತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಮಾಲೀಕರು ಒಳಗೆ ಕರೆದರು. ಎದುರಿಗೆ ಅವರ ಸ್ನೇಹಿತರೊಬ್ಬರು ಕೂತಿದ್ದರು. ಕಲ್ಲು ಕ್ವಾರಿ ನಡೆಸುವ ಕಂಟ್ರಾಕ್ಟರು, ಬೇಟೆಯ ಹುಚ್ಚಿನವರು. ಅವರ ಕೈಯಲ್ಲಿ ಅಮೆರಿಕದ ಒಂದು ಸಾಮಾನಿನ ಪಟ್ಟಿ ಇತ್ತು, ಬಣ್ಣದ ಚಿತ್ರಗಳಿದ್ದ ಪುಸ್ತಕ. ಟರ್ಕಿ ಅನ್ನುವ ದೊಡ್ಡ ಕಾಡುಕೋಳಿಯನ್ನು ಅಲ್ಲಿನವರು ಹೇಗೆ ಹೊಡೆಯುತ್ತಾರೆ ಎಂಬುದೆಲ್ಲ ಅದರಲ್ಲಿತ್ತು. ಎಲೆಯ ಚಿತ್ತಾರದ ಬಟ್ಟೆ, ರಬ್ಬರಿನ ಹೆಣ್ಣು ಹಕ್ಕಿ, ಮರದ ಸಿಳ್ಳೆಪೆಟ್ಟಿಗೆ, ಕೊನೆಗೆ ಹಕ್ಕಿಯ ಕೂಗನ್ನೇ ತುಂಬಿಟ್ಟುಕೊಂಡು ಕೂಗುವ ಯಂತ್ರ. ಕೆಲವು ಕಡೆ ಅಲ್ಲಿಯೂ ಆ ಯಂತ್ರಕ್ಕೆ ಒಪ್ಪಿಗೆ ಇಲ್ಲವಂತೆ. ಕಂಟ್ರಾಕ್ಟರು ಅದನ್ನು ನಗುತ್ತಲೇ ಹೇಳಿದರು.

"ಇಲ್ಲಿ ಯಾವ ಟರ್ಕಿ ಬರ್ಬೇಕು ಗುರು. ನಂಗೆ ಗೌಜಲಿಗೆ ಒಂದು ಮಾಡ್ಕೊಡು. ಬೆಳಗ್ಗೆಯಿಂದ ಪೊದೆ ಪೊದೆ ಸುತ್ತಿ ಸೊಂಟ ಬಿದ್ದೋಗ್ತಿದೆ."

ಗೌಜಲು ಅಂದರೆ ಕೋಳಿಗಿಂತ ಚಿಕ್ಕದಾದ, ಮಣ್ಣಿನ ಬಣ್ಣದ ಹಕ್ಕಿ. ಹಾರುವುದಕ್ಕಿಂತ ಓಡುವುದೇ ಹೆಚ್ಚು. ಬೆಳಗಾಗುತ್ತಿದ್ದಂತೆ ಗಂಡು ತನ್ನ ಜಾಗದಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗುತ್ತದೆ. ಇನ್ನೊಂದು ಗಂಡು ಆ ಜಾಗದಲ್ಲಿ ಕೂಗಿದರೆ ಜಗಳಕ್ಕೆ ಬರುತ್ತದೆ. ಕಂಟ್ರಾಕ್ಟರ ಯೋಚನೆ ಸರಳ: ಪೆಟ್ಟಿಗೆ ಕೂಗಬೇಕು, ಹಕ್ಕಿ ಬರಬೇಕು. ಬಂದೂಕಿಗೆ ಲೈಸೆನ್ಸ್ ಇತ್ತು. ಬೇಟೆಗೂ ಕಾಗದ ಇತ್ತೋ ಇಲ್ಲವೋ, ನಾನು ಕೇಳಲಿಲ್ಲ.

ನನಗೆ ಕೆಲಸ ಹಿಡಿಸಿತು, ಅದೇ ನಿಜ. ದಿನವೂ ಹಲೋ ಮೈಕ್ ಟೆಸ್ಟಿಂಗ್ ಅಂದು ಅಂದು ಬೇಸತ್ತಿದ್ದವನಿಗೆ ಹೊಸದೊಂದು ಸಿಕ್ಕಿತ್ತು.

ಮೊದಲ ತೊಡಕು ಕೂಗನ್ನು ಹಿಡಿಯುವುದು. ಎರಡು ಭಾನುವಾರ ಟೇಪ್ ರೆಕಾರ್ಡರ್ ಹೊತ್ತು ಹೆಸರಘಟ್ಟದ ಕಡೆಯ ಕುರುಚಲು ಕಾಡಿಗೆ ಹೋದೆ. ಹಕ್ಕಿ ದೂರದಲ್ಲಿ ಕೂಗುತ್ತಿತ್ತು. ಟೇಪಿನಲ್ಲಿ ಗಾಳಿ, ನಾಯಿ, ಲಾರಿ, ಇವುಗಳ ಮಧ್ಯೆ ಎಲ್ಲೋ ಒಂದು ಚೂರು ಗೌಜಲು. ಹತ್ತಿರ ಹೋದರೆ ಹಕ್ಕಿ ಓಡಿಹೋಗುತ್ತಿತ್ತು. ಒಂದು ಮೊಳ ದೂರದಲ್ಲಿ ನಿಂತು ಕೂಗುವ ಹಕ್ಕಿ ಬೇಕಾಗಿತ್ತು. ಅಂಥದ್ದೊಂದು ನನ್ನ ಮಾವನ ಮನೆಯಲ್ಲೇ ಇತ್ತು.

ನನ್ನ ಹೆಂಡತಿಯ ತಂದೆ ಜಿಗಣಿಯ ಆಚೆ, ಆನೇಕಲ್ಲಿನ ಕಡೆ ಒಂದು ಹಳ್ಳಿಯ ರೈತರು. ಮನೆ ಹಿಂದೆ ಹೊಲ, ಹೊಲದ ಹಿಂದೆ ಸಣ್ಣ ಕಲ್ಲುಬೆಟ್ಟ. ಅವರು ಒಂದು ಗಂಡು ಗೌಜಲನ್ನು ಮರಿಯಿಂದ ಸಾಕಿದ್ದರು. ಹೆಸರು ದೊರೆ. ಬಿಟ್ಟರೆ ನಾಯಿಯ ಹಾಗೆ ಅವರ ಹಿಂದೆಯೇ ಹೊಲಕ್ಕೆ ಹೋಗುತ್ತಿತ್ತು, ಅವರು ಕೂತರೆ ಕಾಲ ಹತ್ತಿರ ಬಂದು ಕೂರುತ್ತಿತ್ತು. ಬೇಟೆಯ ದಿನ ಅದನ್ನು ಬಿದಿರಿನ ಗೂಡಿನಲ್ಲಿಟ್ಟು, ಬೆಟ್ಟದ ಬುಡಕ್ಕೆ ಒಯ್ದು, ಸುತ್ತ ದಾರದ ಉರುಲು ಹಾಕುತ್ತಿದ್ದರು. ದೊರೆ ಕೂಗಿದರೆ ಕಾಡಿನ ಗಂಡು ಜಗಳಕ್ಕೆ ಬಂದು ಉರುಲಿಗೆ ಸಿಕ್ಕಿಬೀಳುತ್ತಿತ್ತು.

ಮಾವನೂ ಹಕ್ಕಿ ಹಿಡಿಯುವವರೇ. ಆದರೆ ಅವರಲ್ಲಿ ಕಟ್ಟುಪಾಡಿತ್ತು. ಒಂದು ಸಿಕ್ಕಿದರೆ ಗೂಡಿಗೆ ಬಟ್ಟೆ ಮುಚ್ಚಿ ಎದ್ದುಬಿಡಬೇಕು. ದೊರೆ ಸುಸ್ತಾಗಿ ಸುಮ್ಮನಾದರೆ, ಒಂದೂ ಸಿಗದಿದ್ದರೂ ಎದ್ದುಬಿಡಬೇಕು. ಯುಗಾದಿ ಕಳೆದ ಮೇಲೆ ಗೂಡನ್ನು ಬೆಟ್ಟಕ್ಕೆ ಒಯ್ಯಲೇಬಾರದು, ಆಗ ಅವು ಜೋಡಿಯಾಗಿ ಮೊಟ್ಟೆಯಿಡುವ ಕಾಲ. ಇದನ್ನೆಲ್ಲ ಯಾರು ಹೇಳಿಕೊಟ್ಟರು ಎಂದು ಒಮ್ಮೆ ಕೇಳಿದ್ದೆ. ಯಾರೂ ಹೇಳಿಕೊಡಲಿಲ್ಲ ಅಂದರು.

"ಕೂಗಿ ಕರ್ದು ಇಡಿಯೋದು ಮೋಸನೇ ಅಳಿಯಂದ್ರೆ. ಮೋಸ್ಕೂ ಒಂದು ಅಳತೆ ಇರ್ಬೇಕು."

ಅವರ ಬಳಿ ಹೋಗಿ ನಾನು ಮೊದಲ ಸುಳ್ಳು ಹೇಳಿದೆ. ಫ್ಯಾಕ್ಟರಿಯಲ್ಲಿ ಹೊಸ ಮೈಕು ಬಂದಿದೆ, ಅದರ ಗುಣ ನೋಡುವುದಕ್ಕೆ ಜೀವವಿರುವ ಪ್ರಾಣಿಯ ಸದ್ದು ಬೇಕಂತೆ, ದೊರೆಯದು ತುಂಬಿಕೊಳ್ಳಲೇ ಅಂದೆ. ಮಾವನಿಗೆ ಖುಷಿಯಾಯಿತು. ಬೆಳಗಿನ ಜಾವ ಗೂಡನ್ನು ಹಿತ್ತಲಿನ ಕಲ್ಲಿನ ಮೇಲಿಟ್ಟು, ನನಗೆ ಬೆನ್ನು ತಿರುಗಿಸಿ ಕೂರಲು ಹೇಳಿದರು. ಹೊಸಬರ ಕಣ್ಣು ಕಂಡರೆ ದೊರೆ ಬಾಯಿ ಬಿಡುವುದಿಲ್ಲವಂತೆ. ಬಟ್ಟೆ ಎತ್ತಿ ಗೂಡಿಗೆ ಬೆರಳಿನಿಂದ ಎರಡು ಸಲ ತಟ್ಟಿದರು. ದೊರೆ ಶುರುಮಾಡಿತು. ಕಟಿಟ್ಟೀರ್, ಕಟಿಟ್ಟೀರ್. ಪ್ರತಿ ನಾಲ್ಕನೇ ಕೂಗಿನಲ್ಲಿ ಅದರ ಗಂಟಲು ಒಂಚೂರು ತೊಡರುತ್ತಿತ್ತು. ಅಷ್ಟು ಸ್ಪಷ್ಟವಾದ ಸದ್ದನ್ನು ನಾನು ಅದುವರೆಗೆ ಟೇಪಿಗೆ ಹಿಡಿದಿರಲಿಲ್ಲ. ವಾಪಸು ಹಾಕಿ ಕೇಳಿಸಿದಾಗ ಮಾವ ಗೂಡನ್ನೂ ಟೇಪಿನ ಪೆಟ್ಟಿಗೆಯನ್ನೂ ಒಂದೊಂದು ಸಲ ನೋಡಿ, ಇದಕ್ಕೆ ಕಾಳು ಹಾಕುವ ಖರ್ಚಿಲ್ಲ ಎಂದು ನಕ್ಕರು.

ಶೆಡ್ಡಿಗೆ ಬಂದು ಆ ಕೂಗನ್ನೇ ಒಂದರ ಹಿಂದೊಂದು ಎತ್ತಿ ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರ್ತಿ ತುಂಬಿದೆ. ಅರ್ಧ ಗಂಟೆ ನಿಲ್ಲದ ಕೂಗು. ತಗಡಿನ ಪೆಟ್ಟಿಗೆಯಲ್ಲಿ ಕ್ಯಾಸೆಟ್ ಪ್ಲೇಯರು, ಸಣ್ಣ ಆಂಪ್ಲಿಫೈಯರು, ಟಾರ್ಚಿನ ಸೆಲ್ಲುಗಳು. ಹೊರಗೆ ಸದ್ದು ಹೊರಡಿಸಲು ಅಂಗೈಯಗಲದ ಸ್ಪೀಕರಿನ ಹಾರನ್ನು, ಅದಕ್ಕೆ ಉದ್ದನೆಯ ವೈರು. ಹಾರನ್ನು ಪೊದೆಯಲ್ಲಿಟ್ಟು ಮನುಷ್ಯ ದೂರ ಅಡಗಿ ಕೂರಬಹುದು.

ಹೆಸರಘಟ್ಟದಲ್ಲಿ ಹಾಕಿ ನೋಡಿದರೆ ಒಂದು ಹಕ್ಕಿಯೂ ಬರಲಿಲ್ಲ. ಕೂತು ಕೇಳಿದಾಗ ಕಾರಣ ಗೊತ್ತಾಯಿತು. ಹಾರನ್ನು ಜೋರಾಗಿ ಕೂಗಿದಾಗಲೆಲ್ಲ ಆಂಪ್ಲಿಫೈಯರು ಸೆಲ್ಲಿನಿಂದ ಹೆಚ್ಚು ಕರೆಂಟು ಎಳೆಯುತ್ತಿತ್ತು, ಆ ಕ್ಷಣಕ್ಕೆ ಟೇಪು ತಿರುಗಿಸುವ ಮೋಟಾರು ಸೋಲುತ್ತಿತ್ತು. ಕೂಗಿನ ಕೊನೆ ಜೋತು ಬೀಳುತ್ತಿತ್ತು. ಬೇರೆ ಮನುಷ್ಯರಿಗೆ ತಿಳಿಯದಷ್ಟು, ನನ್ನ ಕಿವಿಗೂ ಹಕ್ಕಿಗೂ ತಿಳಿಯುವಷ್ಟು. ಮೋಟಾರಿಗೆ ಬೇರೆ ಸೆಲ್ಲು, ಆಂಪ್ಲಿಫೈಯರಿಗೆ ಬೇರೆ ಸೆಲ್ಲು ಹಾಕಿದೆ. ಸಡಿಲವಾಗಿದ್ದ ಬೆಲ್ಟು ಬದಲಿಸಿದೆ. ಕೂಗು ನೆಟ್ಟಗಾಯಿತು. ಆದರೂ ಬರಲಿಲ್ಲ. ದೂರದಲ್ಲಿ ಕೂಗುತ್ತಿದ್ದ ಗಂಡುಗಳು ಪೆಟ್ಟಿಗೆ ಶುರುವಾದೊಡನೆ ಬಾಯಿ ಮುಚ್ಚುತ್ತಿದ್ದವು.

ಮುಂದಿನ ಸಲ ಹಳ್ಳಿಗೆ ಹೋದಾಗ, ಸುಮ್ಮನೆ ಮಾತಿಗೆಂಬಂತೆ ಮಾವನನ್ನು ಕೇಳಿದೆ. ಒಂದು ಗಂಡು ಕೂಗಿದರೆ ಇನ್ನೊಂದು ಯಾಕೆ ಸುಮ್ಮನಾಗುತ್ತದೆ?

"ಎದ್ರುಕೊಂಡು" ಅಂದರು. "ವಯಸ್ಸಾದ ಗಂಡಿನ ದನಿ ದಪ್ಪ ಇರ್ತೈತೆ. ಕೇಳಿದ್ರೆ ತಂಟೆ ಬ್ಯಾಡ ಅಂತ ಸುಮ್ಕಾಯ್ತವೆ. ಎಳೇದು ಕೂಗಿದ್ರೆ ನೋಡಿ, ಯಾವನಿವನು ಮೊನ್ನೆ ಉಟ್ಟಿದೋನು ಅಂತ ಎದೆ ಸೆಟೆಸ್ಕಂಡು ಬರ್ತವೆ."

ಆ ಪ್ಲೇಯರಿನ ಮೋಟಾರಿನ ಬೆನ್ನಿಗೆ ಒಂದು ಸಣ್ಣ ತೂತಿರುತ್ತದೆ. ಅದರೊಳಗಿನ ಸ್ಕ್ರೂವನ್ನು ತಿರುಗಿಸಿದರೆ ವೇಗ ಬದಲಾಗುತ್ತದೆ. ಮಾರನೆಯ ದಿನ ಬೆಂಚಿನಲ್ಲಿ ಅದನ್ನು ಕೂದಲೆಳೆಯಷ್ಟು ತಿರುಗಿಸಿದೆ. ಟೇಪು ಸ್ವಲ್ಪ ಬೇಗ ಓಡಿತು, ಕೂಗು ತೆಳ್ಳಗಾಯಿತು. ದೊರೆಗೆ ನಾಲ್ಕು ವರ್ಷ ವಯಸ್ಸು ಇಳಿಯಿತು. ಈ ಉಪಾಯ ತಮ್ಮ ಬಾಯಿಂದಲೇ ಬಂದದ್ದು ಎಂದು ಮಾವನಿಗೆ ನಾನು ಎಂದೂ ಹೇಳಲಿಲ್ಲ. ಇಲ್ಲಿ ಮೊದಲ ಸಲ ಹೇಳುತ್ತಿದ್ದೇನೆ.

ಆ ಭಾನುವಾರ ಒಂದು ಗಂಡು ಓಡಿಕೊಂಡೇ ಬಂದು ಹಾರನ್ನಿನ ಮೇಲೆ ಹಾರಿ, ಕಾಲಿನ ಮುಳ್ಳಿನಿಂದ ತಗಡನ್ನು ಒದೆಯಿತು. ನಾನು ಒಬ್ಬನೇ ಕೂತು ತೊಡೆ ತಟ್ಟಿಕೊಂಡು ನಕ್ಕೆ.

ಯುಗಾದಿಯ ಮಾರನೆಯ ವಾರ ಕಂಟ್ರಾಕ್ಟರು ಪೆಟ್ಟಿಗೆಯ ಜೊತೆ ನನ್ನನ್ನೂ ಜೀಪಿಗೆ ಹತ್ತಿಸಿಕೊಂಡರು. ಮೊದಲ ಸಲ, ನಾನೇ ನಡೆಸಿ ತೋರಿಸಬೇಕಂತೆ. ಕಾಲ ಸರಿಯಲ್ಲ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಬನ್ನೇರುಘಟ್ಟ ದಾಟಿ ಜಿಗಣಿಯ ರಸ್ತೆ ಹಿಡಿದೆವು. ಅಲ್ಲಿ ಕಾರ್ಖಾನೆಗಳಿಗೆಂದು ಹೊಲಗಳಲ್ಲಿ ಗಡಿಕಲ್ಲು ನೆಡುತ್ತಿದ್ದರು. ಆ ಕಲ್ಲುಗಳನ್ನು ದಾಟಿ ಜೀಪು ಎಡಕ್ಕೆ ತಿರುಗಿತು. ಮಾವನ ಬೆಟ್ಟವೇ. ಅವರ ಮನೆ ಇರುವುದು ಪೂರ್ವಕ್ಕೆ, ನಾವು ನಿಂತದ್ದು ಪಶ್ಚಿಮಕ್ಕೆ. ನಡುವೆ ಬಂಡೆ ಇದ್ದುದರಿಂದ ಮನೆ ಕಾಣುತ್ತಿರಲಿಲ್ಲ. ಕಾಣದಿದ್ದುದೇ ನನಗೆ ಧೈರ್ಯವಾಯಿತು.

ಹಾರನ್ನನ್ನು ಲಂಟಾನದ ಪೊದೆಯ ಮುಂದಿಟ್ಟೆ. ವೈರು ಎಳೆದುಕೊಂಡು ಬಂದು ಬಂಡೆಯ ಹಿಂದೆ ಕಂಟ್ರಾಕ್ಟರ ಪಕ್ಕ ಕೂತೆ. ಸ್ವಿಚ್ಚು ನನ್ನ ಕೈಯಲ್ಲಿತ್ತು.

ಮೊದಲ ಗಂಡು ಬರಲು ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ. ಹಾರನ್ನಿನ ಮುಂದೆ ನಿಂತು ಕತ್ತು ಉಬ್ಬಿಸಿತು. ನಿಂತಲ್ಲೇ ಹೊಡೆದರು. ಸದ್ದಿಗೆ ಬೆಟ್ಟವೆಲ್ಲ ನಿಶ್ಶಬ್ದವಾಯಿತು. ಪೆಟ್ಟಿಗೆ ಮಾತ್ರ ಕೂಗುತ್ತಲೇ ಇತ್ತು. ಅದಕ್ಕೆ ಹೆದರಿಕೆ ಇಲ್ಲ, ಗಂಟಲು ಒಣಗುವುದಿಲ್ಲ. ಗುಂಡಿನ ಸದ್ದಾದ ಮೇಲೂ ಕೂಗುವ ಗಂಡನ್ನು ಆ ಹಕ್ಕಿಗಳು ಹುಟ್ಟಿದಾಗಿನಿಂದ ಕಂಡಿರಲಿಲ್ಲವೇನೋ. ಇನ್ನೊಂದು ಬಂತು. ಮತ್ತೊಂದು. ಸತ್ತದ್ದರ ಮೇಲೆ ಕಾಲಿಟ್ಟು ಹಾರನ್ನನ್ನು ಕುಕ್ಕಿತು. ಆಮೇಲೆ ಒಂದು ಹೆಣ್ಣು ಬಂತು, ಕೂಗದೆ, ಬಿದ್ದ ಗಂಡಿನ ಸುತ್ತ ಎರಡು ಸುತ್ತು ನಡೆಯಿತು. ಅದನ್ನೂ ಹೊಡೆದರು. ನಾನು ಎದ್ದು ಕೂರುವುದು, ಮತ್ತೆ ಕುಕ್ಕರಗಾಲಿನಲ್ಲಿ ಕೂರುವುದು ಮಾಡುತ್ತಿದ್ದೆ. ಕಾಲಲ್ಲಿ ಇರುವೆ ಹತ್ತಿತೇನಯ್ಯ, ಸುಮ್ಮನಿರು ಅಂದರು ಕಂಟ್ರಾಕ್ಟರು.

ಆಗ ಬೆಟ್ಟದ ಆ ಕಡೆಯಿಂದ ಇನ್ನೊಂದು ಕೂಗು ಬಂತು. ದಪ್ಪ ದನಿ, ನಾಲ್ಕನೆಯದರಲ್ಲಿ ತೊಡರು. ಮಾವನ ಹಿತ್ತಲಿನಿಂದ ದೊರೆ ತನ್ನ ಕೂಗಿಗೇ ಉತ್ತರ ಕೊಡುತ್ತಿತ್ತು.

ಸ್ವಿಚ್ಚು ಒತ್ತಿದ್ದರೆ ಆಗುತ್ತಿತ್ತು. ಸಾಕು ಸಾರ್ ಅಂದಿದ್ದರೂ ಆಗುತ್ತಿತ್ತು. ನಾನು ಮಾಡಿದ್ದು ಬೇರೆ. ಕೈಯನ್ನು ಪೆಟ್ಟಿಗೆಯ ಹಿಂದೆ ಹಾಕಿ ಸೆಲ್ಲಿನ ವೈರನ್ನು ಕಿತ್ತು, ಬ್ಯಾಟರಿ ಮುಗೀತು ಸಾರ್ ಅಂದೆ. ಅವರು ಬೇಸರಪಡಲಿಲ್ಲ. ಮುಂದಿನ ಸಲ ಎರಡು ಜೊತೆ ತರೋಣ ಅಂದು ಬೆನ್ನು ತಟ್ಟಿದರು. ನನ್ನ ಪಾಲಿಗೆ ಎರಡು ಹಕ್ಕಿ ಕೊಟ್ಟರು. ದಾಸರಹಳ್ಳಿಯ ಮನೆಗೆ ಬಂದು, ಪೇಟೆಯಲ್ಲಿ ಕೊಂಡೆ ಎಂದು ಹೆಂಡತಿಗೆ ಹೇಳಿದೆ.

ಪೆಟ್ಟಿಗೆ ಕಂಟ್ರಾಕ್ಟರ ಬಳಿಯೇ ಉಳಿಯಿತು. ಮೂಲ ಕ್ಯಾಸೆಟ್ಟು ಶೆಡ್ಡಿನ ನನ್ನ ಬೀರುವಿನಲ್ಲಿತ್ತು.

ಎರಡು ವಾರದ ಮೇಲೆ ಮಾವ ಮಗಳನ್ನು ನೋಡಲು ಬಂದರು. ಹುಣಸೆಹಣ್ಣಿನ ಗಂಟು ಇಳಿಸಿ ನೀರು ಕುಡಿದರು, ಆದರೆ ಕೂತಲ್ಲಿ ಕೂರಲಿಲ್ಲ. ಹೆಂಡತಿ ಒಳಗೆ ಹೋದದ್ದೇ ನನ್ನ ಪಕ್ಕಕ್ಕೆ ಸರಿದರು. ಬೆಟ್ಟದಲ್ಲಿ ಒಂದು ಗೌಜಲು ಕೂಗುತ್ತಿದೆಯಂತೆ, ಮೂರು ಸಲವಾಯಿತಂತೆ. ದೊರೆ ಮರಿಯಾಗಿದ್ದಾಗ ಹೇಗೆ ಕೂಗುತ್ತಿತ್ತೋ ಹಾಗೆಯೇ, ಅದೇ ತೊಡರು. ಅದನ್ನು ಕೇಳಿದಾಗಿನಿಂದ ದೊರೆ ಕಾಳು ಮುಟ್ಟುತ್ತಿಲ್ಲ, ಗೂಡಿನ ಕಡ್ಡಿಗೆ ತಲೆ ಹೊಡೆದುಕೊಂಡು ನೆತ್ತಿಯೆಲ್ಲ ಗಾಯವಂತೆ. ಕೂಗಿನ ಜೊತೆಗೆ ಬಂದೂಕಿನ ಸದ್ದೂ ಕೇಳಿತಂತೆ. ಕ್ವಾರಿಯ ಸಿಡಿಮದ್ದೋ ಏನೋ ಅವರಿಗೆ ಗೊತ್ತಾಗಲಿಲ್ಲ.

"ಒಂದ್ ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ ಅಳಿಯಂದ್ರೆ. ದೊರೆ ದನಿ ತುಂಬ್ಕಂಡೋದ್ರಲ್ಲ, ಆ ಪೆಟ್ಗೆ ಯಾರ್ಗಾನ ಕೊಟ್ಟಿದೀರಾ?"

"ಇಲ್ಲ ಮಾವ. ಫ್ಯಾಕ್ಟ್ರಿ ಬೀರುವಿನಲ್ಲೇ ಇದೆ. ಬೀಗ ಹಾಕಿದೆ."

ಅವರ ಮುಖದ ಬಿಗಿ ಸಡಿಲಿತು. ಮಗಳ ಗಂಡನ ಮೇಲೆ ಅನುಮಾನಪಟ್ಟೆನಲ್ಲ ಎಂದು ನಾಚಿಕೊಂಡದ್ದೂ ಕಂಡಿತು.

"ಅಂಗಾರೆ ಅದು ನಿಜವಾದ್ ಗೌಜಲೇ. ಹೋದೊರ್ಸ ಇದು ನಾಕ್ ದಿನ ಬೆಟ್ಟಕ್ಕೋಗಿ ಬಂದಿತ್ತು. ಇದ್ರ ಮಗನೇ ಇರ್ಬೇಕು ಬುಡಿ. ದೊರೇನ ಬುಟ್ಬುಡ್ತೀನಿ, ಒಂದ್ಸಲ ಓಗಿ ನೋಡ್ಕಂಡ್ ಬರ್ಲಿ, ಇಲ್ದಿದ್ರೆ ಗೂಡ್ನಾಗೇ ಸಾಯ್ತದೆ."

ಊಟ ಮಾಡಿಸಿ, ಅವರನ್ನು ಬಸ್ಸು ಹತ್ತಿಸಿ ಬಂದೆ. ಮೆಜೆಸ್ಟಿಕ್ಕಿನಿಂದ ಕಲಾಸಿಪಾಳ್ಯ, ಅಲ್ಲಿಂದ ಆನೇಕಲ್ ಬಸ್ಸು. ಮನೆ ಸೇರಲು ಅವರಿಗೆ ಮೂರು ತಾಸು. ಆ ಮೂರು ತಾಸೂ ನನಗೆ ಹೊತ್ತಿತ್ತು. ಇನ್ನೊಂದು ಬಸ್ಸು ಹತ್ತಿ ಹಿಂದೆಯೇ ಹೋಗಿ ನಿಜ ಹೇಳಬಹುದಿತ್ತು. ಮಾರನೆಯ ದಿನ ಕಂಟ್ರಾಕ್ಟರಿಗೆ ಫೋನು ಮಾಡಿ, ಮೋಟಾರು ಸುಡುವ ಸಂಭವ ಇದೆ, ಪೆಟ್ಟಿಗೆ ವಾಪಸು ಕೊಡಿ ಅನ್ನಬೇಕೆಂದುಕೊಂಡೆ. ಶೆಡ್ಡಿನ ಫೋನು ಮಾಲೀಕರ ಮೇಜಿನ ಮೇಲಿತ್ತು. ದಿನಕ್ಕೆ ನಾಲ್ಕು ಸಲ ಆ ಬಾಗಿಲವರೆಗೆ ಹೋಗಿ ಬರುತ್ತಿದ್ದೆ.

ಆರನೆಯ ದಿನ ಕಂಟ್ರಾಕ್ಟರೇ ಬಂದರು. ತುಂಬ ಉತ್ಸಾಹದಲ್ಲಿದ್ದರು. ಅವರ ಸ್ನೇಹಿತರು ಹತ್ತು ಪೆಟ್ಟಿಗೆ ಕೇಳಿದ್ದಾರಂತೆ. ಮಾಲೀಕರು ನನ್ನನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡರು. ಕಂಟ್ರಾಕ್ಟರು ನನ್ನ ಹೆಗಲ ಮೇಲೆ ಕೈ ಹಾಕಿದರು.

"ನಿನ್ ಪೆಟ್ಟಿಗೆ ಸಕ್ಕತ್ ಕಣೋ. ಮೊನ್ನೆ ಒಂದು ಬಂತು ನೋಡು, ನೆತ್ತಿ ಎಲ್ಲ ಗಾಯ, ಜಗಳಗಂಟ. ಹಾರನ್ನ ಕುಕ್ಕಿ ಕುಕ್ಕಿ ಸಾಕಾಗಿ, ಆಮೇಲೆ ಸೀದಾ ನನ್ ಹತ್ರ ಬಂತು. ನಾನು ಎದ್ರೂ ಓಡ್ಲಿಲ್ಲ. ಬೂಟಿನ ಪಕ್ಕ ಬಂದು ಕೂತ್ಕೊಂಡ್ಬಿಡ್ತು. ಬಂದೂಕೇ ಬೇಕಾಗ್ಲಿಲ್ಲ, ಕೈಯಲ್ಲೇ ಕತ್ತು ಹಿಡಿದು ಮುರಿದೆ."

ಮಾಲೀಕರು ನಕ್ಕರು. ನಾನೂ ನಕ್ಕಿರಬೇಕು, ಮುಖಕ್ಕೆ ಅದು ಅಭ್ಯಾಸವಾಗಿತ್ತು. ಹತ್ತು ಕ್ಯಾಸೆಟ್ಟು ಶನಿವಾರದೊಳಗೆ ಆಗಬೇಕು ಅಂದರು. ಕಂಟ್ರಾಕ್ಟರು ತಮ್ಮ ಪೆಟ್ಟಿಗೆಯನ್ನೂ ಎಣ್ಣೆ ಬಿಟ್ಟು ಕೊಡು ಎಂದು ನನ್ನ ಕೈಗಿತ್ತರು.

ಬೆಂಚಿಗೆ ಬಂದು ಕೂತೆ. ನಮ್ಮಲ್ಲಿ ಟೇಪು ಅಳಿಸಲು ಒಂದು ತಾಮ್ರದ ಸುರುಳಿ ಇತ್ತು. ಅದಕ್ಕೆ ಕರೆಂಟು ಕೊಟ್ಟು ಮೇಲೆ ಕ್ಯಾಸೆಟ್ಟನ್ನು ಆಡಿಸಿದರೆ ಅದರಲ್ಲಿದ್ದದ್ದೆಲ್ಲ ಹೋಗುತ್ತದೆ, ಮತ್ತೆ ಬರುವುದಿಲ್ಲ. ಮೂಲ ಕ್ಯಾಸೆಟ್ಟನ್ನು ಅದರ ಮೇಲಿಟ್ಟೆ. ಪೆಟ್ಟಿಗೆಯೊಳಗಿನದನ್ನೂ ತೆಗೆದು ಇಟ್ಟೆ. ಎರಡನ್ನೂ ಪ್ಲೇಯರಿಗೆ ಹಾಕಿ ಮಗ್ಗುಲು ಮುಗಿಯುವವರೆಗೆ ಕೇಳಿದೆ. ಸುಯ್ ಅನ್ನುವ ಸದ್ದಲ್ಲದೆ ಏನೂ ಇರಲಿಲ್ಲ. ಈ ಕೆಲಸವನ್ನು ಒಂದು ತಿಂಗಳ ಮೊದಲೂ ಇಷ್ಟೇ ಹೊತ್ತಿನಲ್ಲಿ ಮಾಡಬಹುದಿತ್ತು.

ಮಾಲೀಕರ ಕೋಣೆಗೆ ಹೋಗಿ, ಕೈತಪ್ಪಿ ಅಳಿಸಿಹೋಯಿತು ಎಂದು ಬಾಯಿಗೆ ಬಂದಿತ್ತು. ನುಂಗಿ, ಬೇಕೆಂದೇ ಅಳಿಸಿದೆ ಸಾರ್ ಅಂದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಬೈದರು. ಕೊನೆಗೆ, ಹೋಗಲಿ, ಅದೇ ಹಕ್ಕಿ ಹತ್ತಿರ ಹೋಗಿ ಇನ್ನೊಂದು ಸಲ ತುಂಬಿಕೊಂಡು ಬಾ, ರಜೆ ಕೊಡುತ್ತೇನೆ ಅಂದರು.

"ಆ ಹಕ್ಕಿನೇ ಸಾರ್ ಅವರು ಕೈಯಲ್ಲಿ ಹಿಡಿದದ್ದು" ಅಂದೆ.

ಹತ್ತು ಪೆಟ್ಟಿಗೆಯ ಮಾತು ಅಲ್ಲಿಗೆ ನಿಂತಿತು. ಕಂಟ್ರಾಕ್ಟರು ಬೇರೆ ಯಾರ ಕೈಲೋ ಮಾಡಿಸಿಕೊಂಡರೋ, ಬಿಟ್ಟರೋ, ನನಗೆ ತಿಳಿಯಲಿಲ್ಲ. ನಾನು ಅಲ್ಲಿ ಮುಂದಿನ ದೀಪಾವಳಿಯವರೆಗೆ ಇದ್ದೆ, ಆದರೆ ಆ ಬೆಂಚಿನಲ್ಲಿ ಅಲ್ಲ.

ಭಾನುವಾರಕ್ಕೆ ಕಾಯದೆ ಮಾರನೆಯ ದಿನವೇ ಹಳ್ಳಿಗೆ ಹೋದೆ. ಮಧ್ಯಾಹ್ನ. ಮಾವ ಹೊಲದ ಅಂಚಿನಲ್ಲಿ ಬೆಟ್ಟಕ್ಕೆ ಮುಖ ಮಾಡಿ ಕೂತಿದ್ದರು. ಪಕ್ಕದಲ್ಲಿ ಬಾಗಿಲು ತೆರೆದ ಗೂಡು, ಟವೆಲಿನಲ್ಲಿ ಒಂದು ಹಿಡಿ ರಾಗಿ. ಹೋದದ್ದು ಬರಲಿಲ್ಲ, ಮಗನ ಜೊತೆ ಅಲ್ಲೇ ನಿಂತುಬಿಟ್ಟಿತೇನೋ ಅಂದರು.

ನಿಂತುಕೊಂಡೇ ಹೇಳಿದೆ. ಮೈಕಿನ ಪರೀಕ್ಷೆ ಸುಳ್ಳು ಎಂದು, ಪೆಟ್ಟಿಗೆ ಬೀರುವಿನಲ್ಲಿರಲಿಲ್ಲ ಎಂದು, ಬೆಟ್ಟದ ಹಿಂದೆ ಮೊದಲ ದಿನ ನಾನೂ ಇದ್ದೆ ಎಂದು, ದೊರೆ ಇನ್ನು ಬರುವುದಿಲ್ಲ ಎಂದು. ಅವರು ನನ್ನ ಕಡೆ ತಿರುಗಲಿಲ್ಲ. ರಾಗಿಯನ್ನು ಒಂದು ಅಂಗೈಯಿಂದ ಇನ್ನೊಂದು ಅಂಗೈಗೆ ಸುರಿದುಕೊಳ್ಳುತ್ತಿದ್ದರು. ಮುಗಿದ ಮೇಲೆ ಒಂದೇ ಒಂದು ಕೇಳಿದರು.

"ಗುಂಡ್ನಾಗೆ ಓಯ್ತಾ?"

"ಇಲ್ಲ ಮಾವ. ಅವರ ಕಾಲ ಹತ್ತಿರ ಹೋಗಿ ಕೂತ್ಕೊಂಡಿತಂತೆ. ಕೈಯಲ್ಲೇ ಹಿಡಿದರಂತೆ."

ಅಂಗೈಯ ರಾಗಿಯನ್ನು ಟವೆಲಿಗೆ ಸುರಿದು ಗಂಟು ಕಟ್ಟಿದರು.

"ಅವ್ರನ್ನ ನಾನೇ ಅಂತ ಅಂದ್ಕಂಡಿರ್ತೈತೆ" ಅಂದರು.

ಆಮೇಲೆ ಎದ್ದು, ಮೊಣಕಾಲಿನ ಮಣ್ಣು ಒರೆಸಿಕೊಂಡು, ಮನೆಯ ಕಡೆ ಮುಂದೆ ನಡೆದರು. ಅತ್ತೆಗೆ ಏನೂ ಹೇಳಲಿಲ್ಲ, ಅಳಿಯಂದ್ರು ಬಂದವ್ರೆ ಎಲೆ ಹಾಕು ಅಂದರಷ್ಟೆ. ಅಳಿಯನನ್ನು ಉಣ್ಣಿಸದೆ ಕಳಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಮಾವ ಎದುರಿಗೆ ಕೂತು, ಮುದ್ದೆ ಮುಗಿದಾಗ ಇನ್ನೊಂದು ಹಾಕಿಸಿದರು. ನಾನು ಉಂಡೆ.